ಸಂಡಿಗೆ ಕಾಯ್ತಾ ಕೂತು ಅತ್ತೆಗೆ ಹೇಳಿದ್ದು

ಅತ್ತೆ, ಟೈಪ್ ಮಾಡ್ತಾ ಕೂತ್ರೆ ಸಂಜೆ ಆಗುತ್ತೆ, ಅದಕ್ಕೆ ವಾಯ್ಸ್ ಕಳಿಸ್ತಿದ್ದೀನಿ. ಮಹಡಿ ಮೇಲೆ ಅರಳು ಸಂಡಿಗೆ ಹಾಕಿದ್ದೀವಿ, ಕಾಗೆ ಓಡಿಸೋ ಡ್ಯೂಟಿ ನಂದು. ಮಧ್ಯೆ ‘ಹುಶ್’ ಅಂದ್ರೆ ನಿಮಗಲ್ಲ.

ಬೆಳಗ್ಗೆ ಭಾವ ಗ್ರೂಪಿಗೆ ಹಾಕಿದ ಪಾಂಪ್ಲೆಟ್ ನೋಡ್ದೆ. ಮಗುವಿನ ಎಂಜಲು ಡಬ್ಬೀಲಿ ಹಾಕಿ ಕಳಿಸಿದ್ರೆ ‘ಭಯದ ಜೀನ್’ ಇದೆಯಾ ಇಲ್ವಾ ಅಂತ ಹೇಳ್ತಾರಂತೆ. ಅದರ ಕೆಳಗೇ ನೀವು ಕೇಳಿದ್ರಿ, ಮೇಷ್ಟ್ರು ಒಂಚೂರು ಗದರಿದ್ರೂ ನಮ್ಮ ಪುಟ್ಟ ಎರಡು ದಿನ ಸರಿಯಾಗಿ ಊಟ ಮಾಡಲ್ಲ, ಈ ಟೆಸ್ಟ್ ಮಾಡಿಸೋಣ್ವಾ ಅಂತ. ದೊಡ್ಡಮ್ಮ ಬೇರೆ, ‘ಅದು ನಿಮ್ಮ ಮನೆತನದ ರಕ್ತ, ಅದಕ್ಕೆ ಟೆಸ್ಟ್ ಯಾಕೆ’ ಅಂತ ಒಗ್ಗರಣೆ ಹಾಕಿದ್ರು. ದೊಡ್ಡಮ್ಮನ ಮಾತಲ್ಲಿ ಅರ್ಧ ನಿಜ ಇದೆ. ಪಾಂಪ್ಲೆಟ್‌ನಲ್ಲಿ ಅಷ್ಟೂ ಇಲ್ಲ.

ಹಳೇ ಮನೆ ಬಚ್ಚಲಲ್ಲಿ ಹಾವು ಬಂದಿದ್ದು ನೆನಪಿದೆಯಾ? ಹಂಡೆ ಹಿಂದೆ ಸುತ್ತಿಕೊಂಡಿತ್ತು. ಅಪ್ಪ ಕೋಲಲ್ಲಿ ಮೆಲ್ಲಗೆ ಎಬ್ಬಿಸಿ ಹಿತ್ತಿಲಿಗೆ ಬಿಟ್ಟು, ಕೈ ತೊಳ್ಕೊಂಡು ಬಂದು ಕಾಫಿ ಕೇಳಿದ್ರು. ಚಿಕ್ಕಪ್ಪ ಮಾತ್ರ ಮಳೆಗಾಲ ಮುಗಿಯೋವರೆಗೂ ಬಾವಿಕಟ್ಟೆ ಹತ್ರಾನೇ ಸ್ನಾನ ಮಾಡಿದ್ರು. ಒಂದೇ ತಾಯಿ ಮಕ್ಕಳು, ಒಂದೇ ಮನೆ, ಅದೇ ಹಾವು. ‘ಮನೆತನದ ರಕ್ತ’ ಅಂತೀವಲ್ಲ, ಅಣ್ಣ ತಮ್ಮಂದಿರಲ್ಲೂ ಆ ರಕ್ತ ಒಂದೇ ಥರ ಹಂಚಿಕೆ ಆಗಿರಲ್ಲ. ಸರಾಸರಿ ಅರ್ಧದಷ್ಟು ಹೊಂದುತ್ತೆ, ಉಳಿದಿದ್ದು ಬೇರೆ ಬೇರೆ.

ಈಗ ಆ ಪಾಂಪ್ಲೆಟ್‌ನ ಸಣ್ಣಕ್ಷರ ಓದಿ. ಎಸ್‌ಎಲ್‌ಸಿ6ಎ4 ಅಂತ ಇದೆ, ಅವರ ‘ಭಯದ ಜೀನ್’ ಅಂದ್ರೆ ಅದೇ. ಅದರ ಕತೆ ನಂಗೆ ಚೆನ್ನಾಗಿ ಗೊತ್ತು, ಯಾಕಂದ್ರೆ ಎಷ್ಟೋ ವರ್ಷ ನಾನೇ ಪಿಯು ಮಕ್ಕಳಿಗೆ ಅದನ್ನ ಬೋರ್ಡ್ ಮೇಲೆ ಬರೆದು, ಎಂಥ ಅದ್ಭುತ ಅಂತ ಪಾಠ ಮಾಡಿದ್ದೀನಿ. ನಮ್ಮ ಮೆದುಳಲ್ಲಿ ಸೆರೊಟೋನಿನ್ ಅಂತ ಒಂದು ರಾಸಾಯನಿಕ ಇರುತ್ತೆ. ಒಂದು ನರಕೋಶ ಅದನ್ನ ಸಂದಿಗೆ ಬಿಡುತ್ತೆ, ಕೆಲಸ ಆದ್ಮೇಲೆ ಒಂದು ಪಂಪು ವಾಪಸ್ ಎಳ್ಕೊಳ್ಳುತ್ತೆ. ಸಂಪಿಂದ ಮೋಟರ್ ನೀರೆತ್ತೋ ಹಾಗೆ. ಆ ಪಂಪು ತಯಾರಾಗೋದು ಈ ಜೀನ್‌ನಿಂದ. ಅದರ ಸ್ವಿಚ್ಚಿನ ಭಾಗ ಕೆಲವರಲ್ಲಿ ಉದ್ದ, ಕೆಲವರಲ್ಲಿ ಗಿಡ್ಡ. ಗಿಡ್ಡದಿದ್ರೆ ಪಂಪು ಕಮ್ಮಿ ತಯಾರಾಗುತ್ತೆ. ಗಿಡ್ಡದಿರೋರಲ್ಲಿ ಆತಂಕದ ಸ್ವಭಾವ ಸ್ವಲ್ಪ ಜಾಸ್ತಿ ಅಂತ 1996ರಲ್ಲಿ ಒಂದು ಲೇಖನ ಬಂತು.

ಆಮೇಲೆ 2002ರಲ್ಲಿ ಅಮೆರಿಕದಲ್ಲಿ ಅಹ್ಮದ್ ಹರಿರಿ ಅನ್ನೋರ ತಂಡ 28 ಜನರನ್ನ ಸ್ಕ್ಯಾನಿಂಗ್ ಮೆಷಿನ್ ಒಳಗೆ ಮಲಗಿಸಿ, ಹೆದರಿದ ಮುಖ, ಸಿಟ್ಟಿನ ಮುಖ ತೋರಿಸಿತು. ಕಿವಿಯಿಂದ ಒಳಗಡೆಗೆ, ಎಡಕ್ಕೊಂದು ಬಲಕ್ಕೊಂದು, ಬಾದಾಮಿಯಷ್ಟು ಗಾತ್ರದ ಅಮಿಗ್ಡಾಲ ಅಂತ ಇರುತ್ತೆ. ಅದರ ಹೆಸರಿಗೆ ಗ್ರೀಕ್ ಭಾಷೇಲಿ ಬಾದಾಮಿ ಅಂತಾನೇ ಅರ್ಥ. ಅಪಾಯ ಕಂಡ ಕೂಡಲೇ ಮೊದಲು ಕೂಗು ಹಾಕೋರಲ್ಲಿ ಅದೂ ಒಂದು. ಗಿಡ್ಡ ಪ್ರತಿ ಇದ್ದೋರಲ್ಲಿ ಆ ಬಾದಾಮಿ ಜೋರಾಗಿ ಕೂಗಿತು ಅಂತ ಬರೆದ್ರು. ಮಾರನೇ ವರ್ಷ ನ್ಯೂಜಿಲೆಂಡ್‌ನ ಡನೀಡನ್‌ನಿಂದ ಇನ್ನೊಂದು ಬಂತು. ಅಲ್ಲಿ 847 ಜನರನ್ನ ನೋಡಿ, ಗಿಡ್ಡ ಪ್ರತಿ ಇದ್ದೋರಿಗೆ ಕಷ್ಟದ ಮೇಲೆ ಕಷ್ಟ ಬಂದ್ರೆ ಖಿನ್ನತೆ ಬರೋ ಸಾಧ್ಯತೆ ಜಾಸ್ತಿ ಅಂದ್ರು. ಅದು ಎಷ್ಟು ಜನಪ್ರಿಯ ಆಯ್ತು ಅಂದ್ರೆ, ನೂರಾರು ಲೇಖನ ಅದರ ಬೆನ್ನು ಹತ್ತಿ ಬಂದ್ವು.

ಹುಶ್... ಹೋಗು ಆಚೆ! ಒಂದು ಎತ್ಕೊಂಡೇ ಹೋಯ್ತು ನೋಡಿ.

ಹಾಂ. ನಾನು ಹೀಗೆ ಪಾಠ ಮಾಡ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿ ಒಬ್ಬಳು ಎದ್ದು ಕೇಳಿದ್ಲು: ‘ಮಿಸ್, ಖಿನ್ನತೆಗೆ ಕೊಡೋ ಎಷ್ಟೋ ಮಾತ್ರೆ ಅದೇ ಪಂಪನ್ನ ಬಂದ್ ಮಾಡುತ್ತೆ ಅಂದ್ರಿ. ಪಂಪು ಕಮ್ಮಿ ಇದ್ರೆ ಕಾಯಿಲೆ ಅಂತಾನೂ ಅಂತೀರಿ. ಎರಡೂ ಹೇಗೆ?’ ನನ್ನ ಹತ್ರ ಉತ್ತರ ಇರ್ಲಿಲ್ಲ. ಬೆಲ್ ಆಯ್ತು, ಬಚಾವಾದೆ. ಮನೆಗೆ ಬಂದು ಹುಡುಕ್ತಾ ಹೋದಾಗ ಬೇರೇದೇ ಸಿಕ್ತು.

2009ರಲ್ಲಿ 14 ಅಧ್ಯಯನ ಒಟ್ಟು ಹಾಕಿ, 14,250 ಜನರ ಲೆಕ್ಕ ನೋಡಿದ್ದಾರೆ. ಕಷ್ಟ ಬಂದ್ರೆ ಖಿನ್ನತೆ ಜಾಸ್ತಿ ಅನ್ನೋದು ನಿಂತ್ಕೊಳ್ತು, ಗಿಡ್ಡ ಪ್ರತಿಯಿಂದ ಅದಕ್ಕೆ ಏನೂ ಸೇರ್ಲಿಲ್ಲ. 2019ರಲ್ಲಿ ಲಕ್ಷಗಟ್ಟಲೆ ಜನರ ಮಾಹಿತಿ ಇಟ್ಕೊಂಡು, ಇಂಥ ಹೆಸರುವಾಸಿ ‘ಖಿನ್ನತೆ ಜೀನ್’ 18 ತಗೊಂಡು ತೂಗಿದ್ರು. ಕಣ್ಣು ಮುಚ್ಚಿ ಆರಿಸಿದ ಯಾವುದೋ ಜೀನ್‌ಗಿಂತ ಅವು ಒಂದು ಗುಂಜಿಯೂ ಹೆಚ್ಚು ತೂಗ್ಲಿಲ್ಲ. ಇನ್ನೊಂದು ಮಾತು, ಜಪಾನ್, ಚೀನಾ ಕಡೆ ಗಿಡ್ಡ ಪ್ರತಿ ಯುರೋಪ್‌ಗಿಂತ ತುಂಬಾ ಜಾಸ್ತಿ. ಹಾಗಂತ ಅಲ್ಲಿ ಖಿನ್ನತೆ ಯುರೋಪ್‌ಗಿಂತ ಜಾಸ್ತಿ ಏನಿಲ್ಲ. 28 ಜನರನ್ನ ನೋಡಿ ಊರಿಗೆಲ್ಲ ಡಂಗುರ ಹೊಡೆದ್ರೆ ಹೀಗೇ ಆಗೋದು. ನಾನೂ ಆ ಡಂಗುರ ಹೊಡೆದವಳೇ ಅನ್ನಿ.

ಹಾಗಾದ್ರೆ ದೊಡ್ಡಮ್ಮನ ಅರ್ಧ ನಿಜ ಯಾವುದು? ಅವಳಿ ಮಕ್ಕಳನ್ನ ಹೋಲಿಸಿ ನೋಡಿದಾಗ, ಖಿನ್ನತೆ ವಿಷಯದಲ್ಲಿ ಜನ ಜನರ ನಡುವೆ ಇರೋ ವ್ಯತ್ಯಾಸದಲ್ಲಿ ನೂರಕ್ಕೆ ಸುಮಾರು 37 ಭಾಗ ವಂಶವಾಹಿಯಿಂದ ಅಂತ ಸಿಗುತ್ತೆ. ನನ್ನ ದುಃಖದಲ್ಲಿ 37 ಪೈಸೆ ಅಜ್ಜಂದು, 63 ಪೈಸೆ ಮನೆಯವರದ್ದು ಅಂತಲ್ಲ ಮತ್ತೆ! ಲೆಕ್ಕ ಇರೋದು ಇಡೀ ಗುಂಪಿಗೆ, ಒಬ್ಬೊಬ್ಬರಿಗಲ್ಲ. ಆದ್ರೆ ಆ ಪಾಲು ಒಂದು ಜೀನ್‌ನಲ್ಲಿ ಇಲ್ಲ. 2025ರ ಜನವರಿಯಲ್ಲಿ 29 ದೇಶಗಳ 50 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಸೇರಿಸಿದ ಅಧ್ಯಯನ ಬಂತು. ಖಿನ್ನತೆ ಜೊತೆ ನಂಟಿರೋ ವ್ಯತ್ಯಾಸ ಡಿಎನ್‌ಎಯಲ್ಲಿ ಸುಮಾರು 700 ಕಡೆ ಸಿಕ್ಕಿದೆ. ಒಂದೊಂದರದ್ದೂ ಸಾಸಿವೆಯಷ್ಟೇ ಪಾಲು. ಡಬ್ಬೀಲಿ ಕಳಿಸಿದ ಎಂಜಲಲ್ಲಿ ಒಂದು ಸಾಸಿವೆ ಹುಡುಕಿ ‘ನಿಮ್ಮ ಮಗ ಅಂಜುಬುರುಕ’ ಅಂತ ಸೀಲ್ ಹೊಡೆಯೋದಕ್ಕೆ ದುಡ್ಡು ಬೇರೆ.

ಒಂದೆರಡು ಕಡೆ ಆದ ಬದಲಾವಣೆಯಿಂದ ಮನಸ್ಸೇ ಬೇರೆ ಥರ ಆಗೋದೂ ಉಂಟು, ಆದ್ರೆ ಅಂಥೋರು ಅಪರೂಪ. ಸ್ಕಾಟ್‌ಲೆಂಡ್‌ನ ಜೋ ಕ್ಯಾಮರಾನ್ ಅಂತ ಅಜ್ಜಿ. ಅರವತ್ತು ದಾಟಿದ್ಮೇಲೆ ಕೈಗೆ ಆಪರೇಷನ್ ಆಯ್ತು. ನಂಗೆ ನೋವಿನ ಮಾತ್ರೆ ಬೇಡ ಅಂದ್ರಂತೆ, ನಿಜಕ್ಕೂ ಬೇಕಾಗ್ಲಿಲ್ಲ. ಒಲೆ ಮೇಲೆ ಕೈ ಸುಟ್ರೆ ಅವರಿಗೆ ಗೊತ್ತಾಗೋದು ಚರ್ಮ ಸುಟ್ಟ ವಾಸನೆಯಿಂದ. ಆತಂಕ ಅಳೆಯೋ ಪ್ರಶ್ನಾವಳಿ ಕೊಟ್ರೆ ಸೊನ್ನೆ ಅಂಕ. 2019ರಲ್ಲಿ ಕಾರಣ ಬರೆದ್ರು: ಮೆದುಳಲ್ಲಿ ಆನಂದಮೈಡ್ ಅನ್ನೋ ಪದಾರ್ಥ ಇರುತ್ತೆ, ಅದನ್ನ ಒಡೆದು ಹಾಕೋ ಕಿಣ್ವಕ್ಕೆ ಸಂಬಂಧಪಟ್ಟ ಡಿಎನ್‌ಎ ತುಂಡು ಅವರಲ್ಲಿ ಇಲ್ಲ. ಹಾಗಾಗಿ ಅದು ಬೇಗ ಒಡೆಯದೆ ಜಾಸ್ತಿ ಉಳ್ಕೊಳ್ಳುತ್ತೆ. ಹೆಸರು ಕೇಳಿದ್ರಾ? 1992ರಲ್ಲಿ ಜೆರುಸಲೇಮ್‌ನಲ್ಲಿ ಅದನ್ನ ಕಂಡುಹಿಡಿದೋರು ನಮ್ಮ ‘ಆನಂದ’ ಪದ ತಗೊಂಡೇ ಹೆಸರಿಟ್ಟಿದ್ದು. ದೊಡ್ಡಮ್ಮ ಇದನ್ನ ಖಂಡಿತ ನಾಲ್ಕು ಗ್ರೂಪಿಗೆ ಫಾರ್ವರ್ಡ್ ಮಾಡ್ತಾರೆ.

ಆನಂದ ಅಂತ ಹೊಟ್ಟೆಕಿಚ್ಚು ಪಡ್ಬೇಡಿ. ಆ ಅಜ್ಜಿಗೆ ಮರೆವು ಜಾಸ್ತಿ, ಮಾತಾಡ್ತಾ ಮಾತಾಡ್ತಾ ಪದ ಕಳ್ಕೊಳ್ತಾರೆ, ಸೊಂಟದ ಕೀಲು ಸವೆದು ಹಾಳಾಗೋವರೆಗೂ ತಿಳಿದಿರ್ಲಿಲ್ಲ. ಆ ಕಿಣ್ವವನ್ನ ತಡೆಯೋ ಮಾತ್ರೆ ಮಾಡೋಕೆ ಹೋದ್ರು, 2016ರಲ್ಲಿ ಫ್ರಾನ್ಸ್‌ನ ರೆನ್‌ನಲ್ಲಿ ಅಂಥ ಒಂದು ಔಷಧದ ಪರೀಕ್ಷೇಲಿ ಒಬ್ಬ ತೀರಿಕೊಂಡ. ಆ ಮಾತ್ರೆ ಬೇರೆ ಕಿಣ್ವಗಳಿಗೂ ಕೈ ಹಾಕಿತ್ತು ಅಂತ ಆಮೇಲೆ ತಿಳೀತು.

ಪುಟ್ಟನ ವಿಷಯಕ್ಕೆ ಬರ್ತೀನಿ. ಟೆಸ್ಟ್ ಬೇಡ ಅತ್ತೆ. ಅವನು ಸ್ವಲ್ಪ ಸೂಕ್ಷ್ಮ ಇರ್ಬಹುದು, ಚಿಕ್ಕಪ್ಪನ ಥರ. ಅದನ್ನ ತಿಳಿಯೋಕೆ ಎಂಜಲು ಬೇಕಾ? ಮೊದಲು ಒಂದು ದಿನ ಶಾಲೆಗೆ ಹೋಗಿ, ಆ ಮೇಷ್ಟ್ರು ಹೇಗೆ ಗದರ್ತಾರೆ ಅಂತ ತಿಳ್ಕೊಳ್ಳಿ. ನಂಗೇನೋ ಗುಮಾನಿ ಅಲ್ಲೇ. ಊಟ, ನಿದ್ದೆ ಎರಡೂ ಹೀಗೇ ಕೆಡ್ತಾ ಹೋದ್ರೆ ಮಕ್ಕಳ ಡಾಕ್ಟರಿಗೆ ತೋರಿಸೋಣ. ಇಲ್ಲಾಂದ್ರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಅವನೆದುರಿಗೆ ಮಾತ್ರ ಈ ಜೀನ್, ರಕ್ತ ಅಂತ ಯಾರೂ ಎತ್ಬೇಡಿ. ಚಿಕ್ಕಪ್ಪನಿಗೆ ‘ಪುಕ್ಕಲ’ ಅಂತ ಹೆಸರಿಟ್ಟು ಐವತ್ತು ವರ್ಷ ಆದ್ರೂ ಬಿಡ್ಲಿಲ್ಲ ನಾವು.

ಭಾನುವಾರ ಅವನನ್ನ ಇಲ್ಲಿಗೇ ಕಳಿಸಿ. ಇನ್ನೆರಡು ದಿನ ಸಂಡಿಗೆ ಒಣಗ್ಬೇಕು, ನಂಗೂ ಕಾಗೆ ಕಾಯೋಕೆ ಜೊತೆ ಆಗುತ್ತೆ. ಇಡ್ತೀನಿ, ಮತ್ತೆ ಬಂತು ನೋಡಿ ಅದು...