ಬಾಡಿಗೆ ಮನೆ, ಎರಡನೇ ಮಹಡಿ. ಎಲೆಕ್ಟ್ರಿಕ್ ಸ್ಕೂಟರ್ ತಗೋಬಹುದಾ?

ಕೆಂಗೇರಿ ಟು ಪೀಣ್ಯ:
ನಮಸ್ಕಾರ ಎಲ್ಲರಿಗೂ. ನನ್ನ ಪೆಟ್ರೋಲ್ ಸ್ಕೂಟರ್‌ಗೆ ಹನ್ನೊಂದು ವರ್ಷ ಆಯ್ತು, ಇನ್ನು ಎಳೆಯಲ್ಲ. ಕೆಂಗೇರಿ ಉಪನಗರದಿಂದ ಪೀಣ್ಯಕ್ಕೆ ದಿನಾ ಹೋಗಿ ಬರಲು 40 ಕಿ.ಮೀ. ಹತ್ತಿರ ಆಗುತ್ತದೆ, ತಿಂಗಳಿಗೆ ಪೆಟ್ರೋಲಿಗೇ ಎರಡೂವರೆ ಸಾವಿರ. ಎಲೆಕ್ಟ್ರಿಕ್ ತಗೊಳ್ಳೋಣ ಅಂತಿದ್ದೇನೆ. ಆದರೆ ಪಾರ್ಕಿಂಗ್‌ನಲ್ಲಿ ಇರುವುದು ಒಂದೇ ಪ್ಲಗ್ ಪಾಯಿಂಟ್, ಅದೂ ಓನರ್ ಮೀಟರಿಂದು. ಕೇಳಿದ್ದಕ್ಕೆ "ನಿಮ್ಮ ಗಾಡಿಗೆ ಕೊಟ್ಟು ನನ್ನ ಫ್ರೀ ಕರೆಂಟ್ ಹೋದ್ರೆ ಏನಪ್ಪಾ ಮಾಡ್ಲಿ?" ಅಂದರು. ಅವರದ್ದೂ ತಪ್ಪಿಲ್ಲ ಬಿಡಿ. ಮನೆಯವಳಿಗೆ ಬ್ಯಾಟರಿ ಬೆಂಕಿ ಹತ್ತಿಕೊಂಡರೆ ಅನ್ನುವ ಭಯ. ಶೋರೂಮ್‌ನವನನ್ನು ಕೇಳಿದರೆ ಎಲ್ಲಾ ಸಲೀಸು ಅಂತಾನೆ. ಓಡಿಸುತ್ತಾ ಇರುವವರು ಇದ್ದದ್ದು ಇದ್ದಹಾಗೆ ಹೇಳಿ.

ಎಕೋ ಮೋಡ್:
2023ರ ಮೇನಲ್ಲಿ ತಗೊಂಡೆ. ಮುಂದಿನ ತಿಂಗಳೇ ಕೇಂದ್ರದ ಸಬ್ಸಿಡಿ ಇಳಿಸಿದರು, ಸ್ವಲ್ಪದರಲ್ಲಿ ಬಚಾವ್. ಇವತ್ತಿಗೆ 31,000 ಕಿ.ಮೀ. ಓಡಿದೆ.

ಮೊದಲು ಕಂಪನಿ ಹೇಳುವ ರೇಂಜ್, ಅಂದರೆ ಒಂದು ಫುಲ್ ಚಾರ್ಜ್‌ಗೆ ಇಷ್ಟು ದೂರ ಓಡುತ್ತೆ ಅನ್ನೋ ಲೆಕ್ಕ, ಮರೆತುಬಿಡಿ. ನಂದು ಸುಮಾರು 3 ಯೂನಿಟ್ ಬ್ಯಾಟರಿ. ಒಬ್ಬನೇ, ನಿಧಾನಕ್ಕೆ ಹೋದರೆ 95 ಕಿ.ಮೀ. ಹಿಂದೆ ಹೆಂಡತಿ, ಮುಂದೆ ತರಕಾರಿ ಚೀಲ ಇದ್ದರೆ 80. ಸ್ಪೋರ್ಟ್ ಮೋಡ್‌ಗೆ ಹಾಕಿ ರಿಂಗ್ ರೋಡ್‌ನಲ್ಲಿ ಎಳೆದರೆ ಶೇಕಡಾವಾರು ಲೆಕ್ಕ ಕಣ್ಣ ಮುಂದೆಯೇ ಇಳಿಯುತ್ತದೆ. ನಿಮ್ಮ 40ಕ್ಕೆ ಇದು ಧಾರಾಳ.

ಟ್ರಾಫಿಕ್‌ನಲ್ಲಿ ಸುಖ. ಸಿಗ್ನಲ್‌ನಲ್ಲಿ ನಿಂತರೆ ಗುರ್ ಅನ್ನಲ್ಲ, ಬಿಸಿ ಇಲ್ಲ, ಆಯಿಲ್ ಬದಲಾಯಿಸುವ ಕೆಲಸವೇ ಇಲ್ಲ. ಆಕ್ಸಿಲರೇಟರ್ ಬಿಟ್ಟರೆ ಗಾಡಿಯೇ ನಿಧಾನ ಆಗುತ್ತೆ, ಹಾಗಾಗಿ ಬ್ರೇಕ್ ಪ್ಯಾಡ್ ಇನ್ನೂ ಹೊಸದರ ಹಾಗಿದೆ. ಹಿಂದಿನ ಟೈರ್ ಮಾತ್ರ 16,000ಕ್ಕೇ ಬೋಳಾಯ್ತು. ಪಿಕಪ್ ಜಾಸ್ತಿ, ನಮ್ಮ ಕೈ ಸುಮ್ನೆ ಇರಲ್ಲ ಅಲ್ವಾ. ಇನ್ನೊಂದು, ಸದ್ದಿಲ್ಲದ ಗಾಡಿ. ಗಲ್ಲಿಯಲ್ಲಿ ಫೋನ್ ನೋಡಿಕೊಂಡು ನಡೆಯುವವರು ಎದುರಿಗೇ ಬಂದುಬಿಡುತ್ತಾರೆ.

ಬೇಸತ್ತವನು:
ಅವರಿಗೆ ಒಳ್ಳೇ ಗಾಡಿ ಸಿಕ್ಕಿದೆ, ಸಂತೋಷ. ನಂದು ಎಂಟನೇ ತಿಂಗಳಿಗೆ ಕಂಟ್ರೋಲರ್ (ಮೋಟರ್‌ಗೆ ಹೋಗುವ ಕರೆಂಟ್ ಹದ ಮಾಡುವ ಭಾಗ) ಹೋಗಿ ನಡುರಸ್ತೆಯಲ್ಲಿ ಸತ್ತು ಕೂತಿತು. ಸರ್ವಿಸ್ ಸೆಂಟರ್‌ನಲ್ಲಿ 22 ದಿನ. ದಿನಾ ಫೋನ್ ಮಾಡಿದರೆ "ಪಾರ್ಟ್ ಬಂದಿಲ್ಲ ಸಾರ್" ಅನ್ನುವ ಒಂದೇ ಮಾತು. ನಮ್ಮ ಬೀದಿ ಮೆಕ್ಯಾನಿಕ್, ಯಾವ ಗಾಡಿ ಕೊಟ್ಟರೂ ಬಿಚ್ಚಿ ಹರಡಿಕೊಳ್ಳುವ ಮನುಷ್ಯ, ಇದನ್ನು ನೋಡಿ ಕೈ ಒರೆಸಿಕೊಂಡು ಒಳಗೆ ಹೋದ. ಆ 22 ದಿನ ಆಟೋಗೆ ಕೊಟ್ಟ ದುಡ್ಡಿನಲ್ಲಿ ಪೆಟ್ರೋಲ್ ಉಳಿಸಿದ್ದೆಲ್ಲಾ ವಜಾ. ತಗೊಳ್ಳುವ ಮೊದಲು ಶೋರೂಮ್‌ಗಲ್ಲ, ಸರ್ವಿಸ್ ಸೆಂಟರ್‌ಗೆ ಹೋಗಿ ಎಷ್ಟು ಗಾಡಿ ಧೂಳು ಹಿಡಿದು ನಿಂತಿವೆ ನೋಡಿ.

ತಂತಿ ಕೆಲಸ:
ಸಾರ್, ನಾನು ಎಲೆಕ್ಟ್ರಿಷಿಯನ್. ಓನರ್ ಪ್ಲಗ್ ನಿಮಗೆ ಬೇಕೇ ಇಲ್ಲ. ಇಂಥ ಮನೆಗಳಲ್ಲಿ ಎಲ್ಲರ ಮೀಟರೂ ಕೆಳಗೇ, ಪಾರ್ಕಿಂಗ್ ಪಕ್ಕದ ಗೋಡೆಯಲ್ಲೇ ಇರುತ್ತವೆ. ನಿಮ್ಮ ಮೀಟರ್‌ನಿಂದಲೇ ಒಂದು ಲೈನ್ ಎಳೆಸಿ. ಓನರ್ ಒಪ್ಪಿಗೆ ಸಾಕು, ಅವರ ಕರೆಂಟ್ ಬೇಡ. 2.5 ಎಂಎಂ ವೈರ್, 16 ಆಂಪ್ ಸಾಕೆಟ್, ಅದಕ್ಕೇ ಬೇರೆ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್), ಅರ್ತಿಂಗ್ ಸರಿಯಿದೆಯಾ ಅಂತ ಮಲ್ಟಿಮೀಟರ್ ಹಿಡಿದು ನೋಡಿಸಿ. ಎರಡನೇ ಮಹಡಿ ಕಿಟಕಿಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಇಳಿಬಿಡುವವರನ್ನು ನೋಡಿದ್ದೇನೆ, ಮಳೆಯಲ್ಲಿ! ದಯವಿಟ್ಟು ಬೇಡ.

ಕರೆಂಟ್ ಲೆಕ್ಕ: ದಿನಕ್ಕೆ 40 ಕಿ.ಮೀ. ಅಂದರೆ ಒಂದೂವರೆ ಯೂನಿಟ್, ತಿಂಗಳಿಗೆ 40ರ ಆಸುಪಾಸು. ಗೃಹಜ್ಯೋತಿಯಲ್ಲಿ ನಿಮ್ಮ ಹಳೇ ಸರಾಸರಿ, ಅದರ ಮೇಲೆ ಶೇ. 10 ಮಾತ್ರ ಫ್ರೀ. ಅದಕ್ಕಿಂತ ಹೆಚ್ಚಿಗೆ ಉರಿಸಿದ್ದಕ್ಕೆ ದುಡ್ಡು ಕಟ್ಟಬೇಕು, ಒಟ್ಟು 200 ದಾಟಿದರೆ ಪೂರ್ತಿ ಬಿಲ್. ಈಗ ತಿಂಗಳಿಗೆ ಎಷ್ಟು ಯೂನಿಟ್ ಬರ್ತಿದೆ ನೋಡಿಕೊಳ್ಳಿ. 170 ಆಸುಪಾಸಿನಲ್ಲಿದ್ದರೆ ಯೋಚಿಸಬೇಕು. ಇಲ್ಲದಿದ್ದರೆ ಯೂನಿಟ್‌ಗೆ ಆರು ರೂಪಾಯಿ ಹಿಡಿದರೂ 240 ರೂಪಾಯಿ, ನಿಮ್ಮ ಎರಡೂವರೆ ಸಾವಿರದ ಮುಂದೆ ಏನು ಮಹಾ.

ಬೆಂಕಿ ವಿಷಯಕ್ಕೆ ಮೇಡಂ ಹೆದರುವುದು ತಪ್ಪಲ್ಲ. 2022ರ ಬೇಸಿಗೆಯಲ್ಲಿ ಸಾಲಾಗಿ ಗಾಡಿಗಳು ಉರಿದವು. ಆಮೇಲೆ ಬ್ಯಾಟರಿ ಪರೀಕ್ಷೆಯ ನಿಯಮ ಬಿಗಿ ಮಾಡಿದರು, ಎಐಎಸ್ 156 ಅಂತ. ಆದರೂ ಬಿಸಿಲಲ್ಲಿ ಓಡಿಸಿ ಬಂದ ಕೂಡಲೇ ಚಾರ್ಜ್‌ಗೆ ಹಾಕಬೇಡಿ, ಅರ್ಧ ಗಂಟೆ ಆರಲಿ. ಮೆಟ್ಟಿಲ ಕೆಳಗೆ ಮಾತ್ರ ಚಾರ್ಜ್ ಮಾಡಲೇಬೇಡಿ. ಏನಾದರೂ ಆದರೆ ಮೇಲಿನವರು ಇಳಿಯುವ ದಾರಿ ಅದೊಂದೇ.

ತೀರ್ಥಹಳ್ಳಿ ಕಡೆಯವ:
ಬೆಂಗಳೂರಿನವರಿಗೆ ಸರಿ. ನಮ್ಮಲ್ಲಿ ಜುಲೈಯಲ್ಲಿ ಮರ ಬಿದ್ದರೆ ಎರಡು ದಿನ ಕರೆಂಟ್ ಇಲ್ಲ. ಪೆಟ್ರೋಲ್ ಆದರೆ ಯಾರಾದರೂ ಬಾಟಲಿಯಲ್ಲಿ ತಂದುಕೊಟ್ಟಾರು, ಕರೆಂಟ್ ತರೋದು ಹೇಗೆ ಮಾರಾಯ್ರೆ? ಒಮ್ಮೆ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿಸಿದೆ. ಹದಿನಾಲ್ಕು ತಿರುವು ಮುಗಿಯುವಷ್ಟರಲ್ಲಿ ಎದೆ ನನ್ನದೂ ಬಡ್ಕೊತಿತ್ತು, ಬ್ಯಾಟರಿದೂ ಅರ್ಧ ಕಥೆ ಮುಗಿದಿತ್ತು. ಇನ್ನೊಂದು ಯಾರೂ ಹೇಳಲ್ಲ: ಫುಲ್ ಚಾರ್ಜ್ ಇದ್ದಾಗ, ಆಕ್ಸಿಲರೇಟರ್ ಬಿಟ್ಟರೆ ನಿಧಾನ ಆಗೋ ಆ ಹಿಡಿತ ನನ್ನ ಗಾಡಿಯಲ್ಲಿ ಸಿಗಲ್ಲ, ತುಂಬಿದ ಬ್ಯಾಟರಿಗೆ ಮತ್ತೆ ತುಂಬಿಸೋಕೆ ಆಗಲ್ವಲ್ಲ. ನಮ್ಮನೆ ಇಳಿಜಾರಿನಲ್ಲಿ ಮೊದಲ ದಿನ ಗೊತ್ತಿಲ್ಲದೆ ಬೇಲಿವರೆಗೂ ಹೋಗಿದ್ದೆ. ಈಗ ಚಾರ್ಜ್ ಶೇ. 90ಕ್ಕೇ ನಿಲ್ಲಿಸುತ್ತೇನೆ.

ಕೆಂಗೇರಿ ಟು ಪೀಣ್ಯ:
ಎಲ್ಲರಿಗೂ ಥ್ಯಾಂಕ್ಸ್. ಈಗಷ್ಟೇ ಕೆಳಗೆ ಹೋಗಿ ನೋಡಿದೆ, ನನ್ನ ಮೀಟರ್ ಗಾಡಿ ನಿಲ್ಲಿಸುವ ಜಾಗದಿಂದ ಆರಡಿ ದೂರ ಇದೆ. ಹನ್ನೊಂದು ವರ್ಷ ಅದರ ಮುಂದೆಯೇ ಸ್ಟ್ಯಾಂಡ್ ಹಾಕಿದ್ದೇನೆ, ಒಂದು ದಿನ ತಲೆ ಎತ್ತಿ ನೋಡಿಲ್ಲ. ಬಿಲ್ ತೆಗೆದು ನೋಡಿದೆ, 118 ಯೂನಿಟ್. ಶನಿವಾರ ಸರ್ವಿಸ್ ಸೆಂಟರ್‌ಗೆ ಹೋಗಿ ಧೂಳು ಎಣಿಸಿಕೊಂಡು ಬರುತ್ತೇನೆ. ಮನೆಯವಳದ್ದು ಒಂದೇ ಷರತ್ತು, ನಾವು ಎದ್ದಿರುವಾಗ ಮಾತ್ರ ಚಾರ್ಜ್, ಹತ್ತು ಗಂಟೆಗೆ ಸ್ವಿಚ್ ಆಫ್.

ತಂತಿ ಕೆಲಸ:
ಸಂಜೆ ಆರಕ್ಕೆ ಬಂದು ಏಳಕ್ಕೆ ಹಾಕಿದರೂ ದಿನಕ್ಕೆ ಖರ್ಚಾದ ಚಾರ್ಜ್ ರಾತ್ರಿ ಹತ್ತರೊಳಗೆ ತುಂಬುತ್ತೆ ಸಾರ್. ಸಾಕೆಟ್‌ಗೆ ಒಂದು ಬೀಗದ ಡಬ್ಬಿ ಹಾಕಿಸಿ, ಇಲ್ಲಾಂದ್ರೆ ಪಕ್ಕದ ಮನೆಯವರೂ ಚಾರ್ಜ್ ಮಾಡ್ಕೊತಾರೆ.