ಕಲ್ಲಾಮೆಯ ನಾಮಕರಣ

ನಮ್ಮ ಹರಟೆಕೂಟದಲ್ಲಿ ಪಳೆಯುಳಿಕೆಯ ಹುಚ್ಚು ಹತ್ತಿಸಿಕೊಂಡವರು ಒಬ್ಬರೇ. ಅವರನ್ನು ಎದುರಿನಲ್ಲಿ ಸಂಗ್ರಾಹಕರೆಂದು ಗೌರವದಿಂದಲೂ, ಬೆನ್ನ ಹಿಂದೆ ಕಲ್ಲಪ್ಪನವರೆಂದು ಪ್ರೀತಿಯಿಂದಲೂ ಕರೆಯುತ್ತೇವೆ. ಮೊನ್ನೆ ಅವರು ಹಸುಗೂಸಿನಂತೆ ಟವೆಲಿನಲ್ಲಿ ಸುತ್ತಿ ತಂದ ವಸ್ತುವನ್ನು ಮೇಜಿನ ಮೇಲೆ ಮೆಲ್ಲಗೆ ಇಳಿಸಿ, "ಮೂರು ದಿನ ತಂತಿಬ್ರಷ್ಷಿನಿಂದ ಉಜ್ಜಿದ ಮೇಲೆ ದರ್ಶನ ಕೊಟ್ಟಿದೆ, ಜಗತ್ತಿನಲ್ಲಿ ಯಾರೂ ಕಾಣದ ಆಮೆ" ಎಂದು ಸಾರಿದರು.

ಅಂಗೈ ಅಗಲದ ಬೂದುಬಣ್ಣದ ಉಂಡೆಕಲ್ಲು. ಅದರ ಬೆನ್ನ ತುಂಬ ಹಳದಿ ಗೆರೆಗಳು ಮನೆ ಮನೆಯಾಗಿ ಹರಡಿದ್ದವು. ದಂತವೈದ್ಯರಿಗೆ ಅದು ಹುಳುಕು ಹಿಡಿದ ದವಡೆಹಲ್ಲಿನಂತೆ ಕಂಡಿತು. ವಕೀಲರು, ಅದು ಏನಾದರೂ ಆಗಿರಲಿ, ಯಾರ ಸ್ವತ್ತೆಂಬುದು ಮೊದಲು ಇತ್ಯರ್ಥವಾಗಲಿ ಎಂದರು. ನನಗೆ ಹಳೆಯ ಫುಟ್‌ಬಾಲ್ ನೆನಪಾಯಿತು; ಹೇಳುವ ಧೈರ್ಯವಾಗಲಿಲ್ಲ.

ಭೂವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟ್ರು ಮಾತ್ರ ಕಲ್ಲನ್ನು ಮುಟ್ಟದೆ ನಕ್ಕರು. "ನೀವೇನೂ ಹೊಸ ತಪ್ಪು ಮಾಡುತ್ತಿಲ್ಲ. 1677ರಲ್ಲಿ ಇಂಗ್ಲೆಂಡಿನ ರಾಬರ್ಟ್ ಪ್ಲಾಟ್ ದೊಡ್ಡದೊಂದು ತೊಡೆಮೂಳೆಯ ತುದಿಯನ್ನು ಕಂಡು, ರೋಮನ್ನರು ತಂದ ಆನೆಯದಿರಬಹುದೇ ಎಂದು ತರ್ಕಿಸಿ, ಕಡೆಗೆ ಅದು ದೈತ್ಯ ಮನುಷ್ಯನದೆಂದು ತೀರ್ಪಿತ್ತರು; ಇಂದಿನ ವಿದ್ವಾಂಸರು ಅದನ್ನು ಡೈನೋಸಾರಿನದೆನ್ನುತ್ತಾರೆ. 1726ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರೊಬ್ಬರು ಕಲ್ಲಿನೊಳಗಿದ್ದ ಅಸ್ಥಿಪಂಜರವನ್ನು ಜಲಪ್ರಳಯದಲ್ಲಿ ಮುಳುಗಿಹೋದ ಪಾಪಿ ಮನುಷ್ಯನದೆಂದು ಪ್ರಕಟಿಸಿದರು. 1811ರಲ್ಲಿ ಫ್ರಾನ್ಸಿನ ಪ್ರಾಣಿವಿಜ್ಞಾನಿ ಕ್ಯುವಿಯೇ ಅದೇ ಕಲ್ಲನ್ನು ಇನ್ನಷ್ಟು ಕೆತ್ತಿ ಮುಂಗಾಲುಗಳನ್ನು ಹೊರಗೆಡಹಿದಾಗ, ಪಾಪಿಯೆನ್ನಿಸಿಕೊಂಡವನು ಕಪ್ಪೆಯ ದಾಯಾದಿಯಾದ ದೈತ್ಯ ಸಾಲಮಾಂಡರ್ ಎಂದು ಗೊತ್ತಾಯಿತು."

"ಪಾಪ, ಎಂಬತ್ತೈದು ವರ್ಷ ಮಾಡದ ಪಾಪವನ್ನು ಹೊತ್ತಿತಲ್ಲ" ಎಂದು ವಕೀಲರು ಮರುಗಿದರು.

ಸಂಗ್ರಾಹಕರು ಇಷ್ಟಕ್ಕೆ ಜಗ್ಗುವವರಲ್ಲ. "ಟುಲ್ಲಿಯ ವಿಚಾರವೇನು ಸ್ವಾಮಿ? ಆತ ಪೈಪ್ ಫಿಟ್ಟರ್, ನನ್ನಂತೆಯೇ ಹವ್ಯಾಸಿ. 1950ರ ದಶಕದಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಮೇಜನ್ ಕ್ರೀಕ್ ಪ್ರದೇಶದಲ್ಲಿ ಆತನಿಗೆ ಸಿಕ್ಕಿದ ಕಲ್ಲುಂಡೆಯೊಳಗೆ ಸುಮಾರು 30 ಕೋಟಿ ವರ್ಷ ಹಿಂದಿನ ಪ್ರಾಣಿಯೊಂದಿತ್ತು. ಅಡ್ಡಕೋಲಿನ ಎರಡು ತುದಿಗೆ ಎರಡು ಕಣ್ಣು, ಮುಂದೆ ಸೊಂಡಿಲು, ಸೊಂಡಿಲಿನ ತುದಿಯಲ್ಲಿ ಹಲ್ಲುಳ್ಳ ಇಕ್ಕಳ! ಶಿಕಾಗೋದ ಫೀಲ್ಡ್ ಮ್ಯೂಸಿಯಂನವರೇ ತಲೆ ಕೆರೆದುಕೊಂಡರು. 1966ರಲ್ಲಿ ಅದಕ್ಕೆ ಟುಲ್ಲಿಮಾನ್‌ಸ್ಟ್ರಮ್ ಎಂದು ಅವನದೇ ಹೆಸರಿಟ್ಟರು. 1989ರಲ್ಲಿ ಅದು ಆ ರಾಜ್ಯದ ಅಧಿಕೃತ ಪಳೆಯುಳಿಕೆಯೂ ಆಯಿತು. ನನ್ನ ಆಮೆಗೆ ನನ್ನ ಹೆಸರಿಟ್ಟರೆ ಯಾರ ಗಂಟು ಹೋಗುತ್ತದೆ?"

"ಹೆಸರು ಸಿಕ್ಕಿತು, ಕುಲ ಸಿಗಲಿಲ್ಲ" ಎಂದರು ಮೇಷ್ಟ್ರು. "2016ರಲ್ಲಿ ಅದು ಬೆನ್ನೆಲುಬುಳ್ಳ ಪ್ರಾಣಿ, ದವಡೆಯಿಲ್ಲದ ಲ್ಯಾಂಪ್ರೇ ಮೀನಿನ ನೆಂಟ ಎಂದರು. ಮರುವರ್ಷವೇ ಬೇರೆಯವರು ಅಲ್ಲವೆಂದರು. 2023ರಲ್ಲಿ ಜಪಾನಿನ ತಂಡವೊಂದು ಲೇಸರ್ ಸ್ಕ್ಯಾನ್ ಮಾಡಿ, ಬೆನ್ನೆಲುಬಿನ ಮಾತನ್ನೇ ತಳ್ಳಿಹಾಕಿತು. ಆದರೆ ಒಂದು ವಿಷಯದಲ್ಲಿ ಯಾರಿಗೂ ಜಗಳವಿಲ್ಲ: ಅದು ಎಲ್ಲಿ ಸಿಕ್ಕಿತೆಂಬುದು. ನಿಮ್ಮದು ಎಲ್ಲಿ ಸಿಕ್ಕಿತು?"

"ಚೀಲದಲ್ಲಿ."

"ಚೀಲಕ್ಕೆ ಎಲ್ಲಿಂದ ಬಂತು?"

"ಹೋದ ವರ್ಷವೋ, ಅದರ ಹಿಂದಿನ ವರ್ಷವೋ…"

"ಸಾಕ್ಷಿ ತಿರುಗಿಬಿದ್ದಿದ್ದಾನೆ" ಎಂದರು ವಕೀಲರು.

ಮೇಷ್ಟ್ರು ಭೂತಗನ್ನಡಿ ತೆಗೆದರು. ಆಮೆಯ ಚಿಪ್ಪಾಗಿದ್ದರೆ ಎಡಬಲದ ಮನೆಗಳು ಒಂದಕ್ಕೊಂದು ಜೋಡಿಯಾಗಿರಬೇಕು, ಒಡೆದ ಅಂಚಿನಲ್ಲಿ ಮೂಳೆಯ ಸಣ್ಣ ರಂಧ್ರಗಳು ಕಾಣಬೇಕು. ಇಲ್ಲಿ ಎರಡೂ ಇಲ್ಲ, ಗೆರೆಗಳು ಒಳಗೆ ಹೋದಂತೆ ದಪ್ಪವಾಗುತ್ತವೆ, ಹೊರಗೆ ಬಂದಂತೆ ಸಣಕಲಾಗುತ್ತವೆ ಎಂದು ತೋರಿಸಿದರು. ಕೆಸರು ಗಟ್ಟಿಯಾಗಿ ಉಂಡೆಯಾಗುವಾಗ ಒಳಗೆ ಬಿರುಕು ಬಿಟ್ಟು, ಆ ಬಿರುಕುಗಳಲ್ಲಿ ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜ ತುಂಬಿಕೊಂಡರೆ ಇಂಥ ಕಲ್ಲಾಗುತ್ತದಂತೆ. ಸೆಪ್ಟೇರಿಯನ್ ಗಂಟು ಎಂಬ ಇದನ್ನು ಆಮೆಯೆಂದು ಹಿಡಿದುಕೊಂಡು ಬರುವವರಿಗೆ ಲೆಕ್ಕವೇ ಇಲ್ಲವಂತೆ. ಸಂಗ್ರಾಹಕರ ಮುಖವೂ ಆ ಕೆಸರಿನಂತೆಯೇ ಒಣಗುತ್ತ ಬಂತು.

ಕಲ್ಲನ್ನು ಮಗುಚಿದ ಮೇಷ್ಟ್ರು ಅಲ್ಲಿಯೇ ನಿಂತರು. "ಇಂಥ ಗಂಟು ಕೆಲವೊಮ್ಮೆ ಸತ್ತ ಜೀವಿಯ ಸುತ್ತಲೇ ಬೆಳೆದಿರುತ್ತದೆ. ಇಲ್ಲಿ ನೋಡಿ, ಸುರುಳಿ ಚಿಪ್ಪಿನ ಒಂದು ಸುತ್ತು ಸ್ಪಷ್ಟವಾಗಿದೆ. ಇದು ನಿಜವಾದ ಪಳೆಯುಳಿಕೆ. ಉಳಿದ ಸುತ್ತುಗಳು ಎಲ್ಲಿ ಹೋದವು?"

"ಆ ಸುರುಳಿಯೇ?" ಸಂಗ್ರಾಹಕರ ದನಿ ಸಣ್ಣದಾಯಿತು. "ಆಮೆಯ ಹೊಟ್ಟೆಗೆ ಅಂಟಿಕೊಂಡ ಕೊಳೆಯೆಂದು ನಾನು ಮೊದಲ ದಿನವೇ ಉಜ್ಜಲು ತೊಡಗಿದೆ. ಬಹಳ ಗಟ್ಟಿಯಾಗಿತ್ತು, ಎರಡು ಬ್ರಷ್ ಸವೆದವು."

ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವರು ಮೂಲೆಗೆ ಹೋಗಿ ಮನೆಗೆ ಫೋನು ಹಚ್ಚಿದರು. ಬಚ್ಚಲಲ್ಲಿದ್ದ ಬೂದುಬಣ್ಣದ ಪುಡಿಯನ್ನು ಯಾರಾದರೂ ಗುಡಿಸಿ ಎಸೆದಿದ್ದಾರೆಯೇ ಎಂದು ಪಿಸುದನಿಯಲ್ಲಿ ವಿಚಾರಿಸುತ್ತಿದ್ದುದು ನಮಗೆಲ್ಲ ಕೇಳಿಸಿತು.