ನಾಲಿಗೆಯ ಬುಡದಲ್ಲಿ ಸಾಲಾಗಿರುವ ಗುಳ್ಳೆಗಳು: ಇವು ಎಲ್ಲರಿಗೂ ಇರುತ್ತವೆಯೇ?

ಪ್ರಶ್ನೆ (ಮಾನ್ವಿಯ ಓದುಗ, ರಾಯಚೂರು ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಮೊನ್ನೆ ಹಲ್ಲುಜ್ಜಿದ ಮೇಲೆ ಮೊಬೈಲಿನ ಬೆಳಕು ಹಿಡಿದು, ನಾಲಿಗೆಯನ್ನು ಆದಷ್ಟು ಹೊರಚಾಚಿ ಕನ್ನಡಿಯಲ್ಲಿ ನೋಡಿಕೊಂಡಾಗ, ಅದರ ಬುಡದ ಕಡೆ ಒಂದೆರಡು ಮಿಲಿಮೀಟರ್ ಅಗಲದ ತಿಳಿಗೆಂಪು ಗುಳ್ಳೆಗಳು ಓರೆಯಾಗಿ ಸಾಲುಗಟ್ಟಿರುವುದು ಕಂಡಿತು. ನೋವಿಲ್ಲ, ರಕ್ತ ಬಂದಿಲ್ಲ, ನುಂಗಲು ತೊಂದರೆಯೂ ಇಲ್ಲ. ಆದರೆ ನಾನು ಹಲವು ವರ್ಷ ಗುಟ್ಕಾ ಜಗಿದು ಈಚೆಗೆ ಬಿಟ್ಟವನು. ಬಾಯಿಯ ಕ್ಯಾನ್ಸರ್ ಎಂದರೇನು ಎಂಬುದನ್ನು ನಮ್ಮ ಓಣಿಯಲ್ಲಿಯೇ ಕಂಡವನಾದ್ದರಿಂದ ಅಂದಿನಿಂದ ಸರಿಯಾಗಿ ನಿದ್ದೆ ಹತ್ತಿಲ್ಲ. ಇದಲ್ಲದೆ ಎರಡೂ ಕೆನ್ನೆಗಳ ಒಳಮೈಯಲ್ಲಿ, ಮೇಲಿನ ದವಡೆ ಹಲ್ಲುಗಳ ಎದುರಿಗೆ, ನಾಲಿಗೆಯ ತುದಿಗೆ ತಾಕುವ ಒಂದೊಂದು ಸಣ್ಣ ಉಬ್ಬು ಇದೆ. ಇವೆಲ್ಲ ಸಹಜವೇ? ಯಾವುದಕ್ಕೆ ಅಂಜಬೇಕು, ಯಾವುದಕ್ಕೆ ಅಂಜಬಾರದು ಎಂಬುದನ್ನು ನನ್ನಂಥವನು ತಿಳಿಯುವುದು ಹೇಗೆ?

ಉತ್ತರ 1 (ದಂತವೈದ್ಯೆ, ಬಳ್ಳಾರಿ)

ಬಾಯಿಯನ್ನು ಕಣ್ಣಾರೆ ನೋಡದೆ ಯಾರೂ ಖಚಿತವಾಗಿ ಹೇಳಲಾಗದು. ಆದರೂ ತಾವು ಬರೆದ ವಿವರ ದೇಹದ ಸಹಜ ರಚನೆಗೇ ಹೊಂದುತ್ತದೆ. ಇದೇ ಹೆದರಿಕೆ ಹೊತ್ತು ನಮ್ಮಲ್ಲಿಗೆ ಬರುವವರು ಬಹಳ ಮಂದಿ, ಅವರಲ್ಲಿ ಹೆಚ್ಚಿನವರು ತಮ್ಮ ನಾಲಿಗೆಯ ಬುಡವನ್ನು ಜೀವನದಲ್ಲಿ ಮೊದಲ ಸಲ ನೋಡಿಕೊಂಡವರು.

ನಾಲಿಗೆಯ ಮುಂದಿನ ಮೂರರಲ್ಲಿ ಎರಡು ಪಾಲು ಮತ್ತು ಹಿಂದಿನ ಒಂದು ಪಾಲು ಭ್ರೂಣದಲ್ಲಿ ಬೇರೆ ಬೇರೆ ಉಬ್ಬುಗಳಿಂದ ಬೆಳೆದು ಕೂಡಿಕೊಳ್ಳುತ್ತವೆ. ಎರಡೂ ಕೂಡಿದ ಗಡಿಯಲ್ಲಿ ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದ, ಮೊನೆ ಗಂಟಲಿನ ಕಡೆಗಿರುವ ಗೆರೆಯೊಂದು ಉಳಿಯುತ್ತದೆ. ಆ ಮೊನೆಯಲ್ಲಿರುವ ಚಿಕ್ಕ ಕುಳಿಯ ಜಾಗದಲ್ಲಿಯೇ ಥೈರಾಯ್ಡ್ ಗ್ರಂಥಿ ಹುಟ್ಟಿ, ಅಲ್ಲಿಂದ ಕೊರಳಿಗೆ ಇಳಿದು ಬರುತ್ತದೆ. ಗೆರೆಯ ಮುಂದೆ ಸಾಮಾನ್ಯವಾಗಿ 8ರಿಂದ 12ರಷ್ಟು ದಪ್ಪ ಗುಳ್ಳೆಗಳು ಸಾಲಾಗಿರುತ್ತವೆ; ಇವುಗಳಿಗೆ ಸರ್ಕಮ್‌ವ್ಯಾಲೇಟ್ ಪ್ಯಾಪಿಲಾ ಎನ್ನುತ್ತಾರೆ. ಕೋಟೆಯ ಸುತ್ತ ಕಂದಕ ತೋಡಿದಂತೆ ಪ್ರತಿಯೊಂದು ಗುಳ್ಳೆಯ ಸುತ್ತಲೂ ಒಂದು ತಗ್ಗು ಇರುತ್ತದೆ, ರುಚಿಮೊಗ್ಗುಗಳು ಆ ತಗ್ಗಿನ ಗೋಡೆಯಲ್ಲಿ ಅಡಗಿರುತ್ತವೆ. ತಗ್ಗಿನ ತಳಕ್ಕೆ ತೆರೆದುಕೊಳ್ಳುವ ಫಾನ್ ಎಬ್ನರ್ ಗ್ರಂಥಿಗಳು ತೆಳುವಾದ ರಸವನ್ನು ಸುರಿಸಿ, ಹಿಂದಿನ ತುತ್ತಿನ ರುಚಿಯನ್ನು ತೊಳೆದು, ಮುಂದಿನ ತುತ್ತಿಗೆ ಜಾಗ ಮಾಡಿಕೊಡುತ್ತವೆ.

ನಾಲಿಗೆಯ ಮೇಲೆಲ್ಲ ಹರಡಿರುವ ಎಳೆಯಂಥ ಫಿಲಿಫಾರ್ಮ್ ಪ್ಯಾಪಿಲಾಗಳಲ್ಲಿ ರುಚಿಮೊಗ್ಗುಗಳೇ ಇಲ್ಲ. ನಾಲಿಗೆಗೆ ಒರಟುತನ ಕೊಡುವುದು ಅವುಗಳ ಕೆಲಸ, ಬೆಳಗ್ಗೆ ಕಾಣುವ ಬಿಳಿ ಪದರ ನಿಲ್ಲುವುದೂ ಅವುಗಳ ನಡುವೆ. ತುದಿಯಲ್ಲಿ ಕಾಣುವ ಕೆಂಪು ಚುಕ್ಕೆಗಳು ಫಂಗಿಫಾರ್ಮ್. ಹಿಂಬದಿಯ ಅಂಚುಗಳಲ್ಲಿ ಲಂಬವಾದ ಮಡಿಕೆಗಳಾಗಿರುವವು ಫೋಲಿಯೇಟ್. ಈ ಕೊನೆಯವುಗಳ ವಿಷಯದಲ್ಲಿ ಮಾತ್ರ ನಾವು ಹುಷಾರಾಗಿರುತ್ತೇವೆ, ಏಕೆಂದರೆ ನಾಲಿಗೆಯ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದು ಈ ಅಂಚಿನಲ್ಲಿಯೇ. ನಾಲಿಗೆಯ ತುದಿಯನ್ನು ಹತ್ತಿಬಟ್ಟೆಯಿಂದ ಹಿಡಿದು ಪಕ್ಕಕ್ಕೆ ಎಳೆಯದಿದ್ದರೆ ಆ ಜಾಗ ಸರಿಯಾಗಿ ಕಾಣುವುದಿಲ್ಲ.

ಕೆನ್ನೆಯೊಳಗಿನ ಉಬ್ಬು ಕಿವಿಯ ಮುಂದಿರುವ ಪೆರೋಟಿಡ್ ಎಂಬ ಲಾಲಾಗ್ರಂಥಿಯ ನಾಳದ ಬಾಯಿ. ಮಂಗನಬಾವು ಆದಾಗ ಊದಿಕೊಳ್ಳುವುದು ಇದೇ ಗ್ರಂಥಿ. ಆ ನಾಳ ಮೇಲಿನ ಎರಡನೆಯ ದವಡೆ ಹಲ್ಲಿನ ಎದುರಿಗೆ ತೆರೆದುಕೊಳ್ಳುತ್ತದೆ. ಉಬ್ಬನ್ನು ಶುಭ್ರವಾದ ಹತ್ತಿಯಿಂದ ಒರೆಸಿ, ಕಿವಿಯ ಮುಂದಿನಿಂದ ಕೆನ್ನೆಯ ಕಡೆಗೆ ಹೊರಗಿನಿಂದ ಮೆಲ್ಲಗೆ ಒತ್ತುತ್ತ ಬಂದರೆ ಅದರ ನಡುವಿನಿಂದ ತಿಳಿಯಾದ ಜೊಲ್ಲಿನ ಹನಿ ಜಿನುಗುವುದನ್ನು ತಾವೇ ನೋಡಬಹುದು.

ತಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಎರಡೂ ಬದಿಯನ್ನು ಹೋಲಿಸಿ ನೋಡಿ. ಎಡಕ್ಕಿದ್ದುದು ಅದೇ ಜಾಗದಲ್ಲಿ, ಅದೇ ಬಣ್ಣದಲ್ಲಿ ಬಲಕ್ಕೂ ಇದ್ದರೆ ಅದು ಬಹುಮಟ್ಟಿಗೆ ರಚನೆ. ಒಂದೇ ಬದಿಗೆ ಇದ್ದು ಗಟ್ಟಿಯಾಗಿರುವುದು, ಮುಟ್ಟಿದರೆ ರಕ್ತ ಬರುವುದು, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ತೋರಿಸಬೇಕು. ಅದಕ್ಕೆ ನೋವಿಲ್ಲ ಎಂಬುದು ಸಮಾಧಾನದ ಮಾತಲ್ಲ, ಕ್ಯಾನ್ಸರ್ ಮೊದಮೊದಲು ನೋಯುವುದೇ ಅಪರೂಪ.

ಉತ್ತರ 2 (ವಿಜ್ಞಾನ ಶಿಕ್ಷಕ, ಕೊಪ್ಪಳ)

ವೈದ್ಯರ ವಿವರಣೆಗೆ ಒಂದು ಮಾತು ಸೇರಿಸುತ್ತೇನೆ. ತುದಿಯಲ್ಲಿ ಸಿಹಿ, ಬುಡದಲ್ಲಿ ಕಹಿ ಎಂದು ತೋರಿಸುವ ಚಿತ್ರವನ್ನು ನಾವೆಲ್ಲ ಬರೆದು ಅಂಕ ಪಡೆದವರೇ. ಆದ್ದರಿಂದ ಬುಡದ ಈ ಗುಳ್ಳೆಗಳು ಕಹಿಗಾಗಿಯೇ ಇರುವವೆಂದು ಯಾರಾದರೂ ತಿಳಿದಾರು. ಆ ಚಿತ್ರದ ಮೂಲ 1901ರಲ್ಲಿ ಜರ್ಮನಿಯ ಹೇನಿಗ್ ಪ್ರಕಟಿಸಿದ ಅಳತೆಗಳು. ಅವರು ಕಂಡದ್ದು ಜಾಗದಿಂದ ಜಾಗಕ್ಕೆ ಇರುವ ಅಲ್ಪ ವ್ಯತ್ಯಾಸವನ್ನು ಮಾತ್ರ; 1942ರಲ್ಲಿ ಅಮೆರಿಕದ ಮನೋವಿಜ್ಞಾನಿ ಬೋರಿಂಗ್ ಅದನ್ನು ನಕ್ಷೆಯಾಗಿಸಿದಾಗ ಆ ವ್ಯತ್ಯಾಸ ಹಿಗ್ಗಿ ಕಂಡಿತು. ರುಚಿಮೊಗ್ಗು ಇರುವಲ್ಲೆಲ್ಲ ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ (ಅಣಬೆ, ಮಾಂಸದ ಸಾರಿನಂಥವುಗಳ ರುಚಿ) ಎಲ್ಲವೂ ತಿಳಿಯುತ್ತವೆ. ಜಾಗಕ್ಕೆ ತಕ್ಕಂತೆ ಬದಲಾಗುವುದು ಸುದ್ದಿ ಒಯ್ಯುವ ನರ: ಮುಂಭಾಗದ ರುಚಿಗೆ ಮುಖದ ನರದ ಶಾಖೆ, ಬುಡಕ್ಕೆ ಒಂಬತ್ತನೆಯ ಕಪಾಲ ನರ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಗುಳ್ಳೆಗಳು ಎರಡೂ ಬದಿಗೆ ಒಂದೇ ರೀತಿ ಇವೆ, ಕೆನ್ನೆಯ ಉಬ್ಬಿನಿಂದ ಜೊಲ್ಲೂ ಜಿನುಗಿತು. ಆದರೆ ವೈದ್ಯರು ಬರೆದದ್ದನ್ನು ಓದಿದ ಮೇಲೆ ಇನ್ನೊಂದು ಸಂಗತಿ ನೆನಪಾಯಿತು. ಮೊದಲು ಒಗ್ಗರಣೆಯ ಜೊತೆ ನಾಲ್ಕು ಮಿರ್ಚಿಯನ್ನು ಕಣ್ಣಲ್ಲಿ ನೀರಿಲ್ಲದೆ ತಿನ್ನುತ್ತಿದ್ದ ನನಗೆ ಕೆಲವು ತಿಂಗಳಿಂದ ಒಂದು ತಿಂದರೂ ಕೆನ್ನೆಯ ಒಳಗೆಲ್ಲ ಉರಿಯುತ್ತದೆ. ಇದೂ ರುಚಿಮೊಗ್ಗುಗಳ ಬದಲಾವಣೆಯೇ?

ಉತ್ತರ 3 (ದಂತವೈದ್ಯೆ, ಬಳ್ಳಾರಿ)

ಅಲ್ಲ, ಮತ್ತು ಇದನ್ನು ತಾವು ಮೊದಲೇ ಬರೆಯಬೇಕಾಗಿತ್ತು. ಖಾರ ರುಚಿಯಲ್ಲ, ನೋವು. ಮೆಣಸಿನಕಾಯಿಯ ಕ್ಯಾಪ್ಸೈಸಿನ್, ನೋವನ್ನು ತಿಳಿಸುವ ಟ್ರೈಜೆಮಿನಲ್ ನರದ ತುದಿಗಳಲ್ಲಿ ಸುಮಾರು 43 ಡಿಗ್ರಿಗಿಂತ ಹೆಚ್ಚಿನ ಬಿಸಿಗೆ ತೆರೆದುಕೊಳ್ಳುವ ಗ್ರಾಹಕವನ್ನೇ (ಬಿಸಿಯನ್ನು ಗುರುತಿಸುವ ಪ್ರೋಟೀನನ್ನೇ) ತಟ್ಟುತ್ತದೆ; ಹಾಗಾಗಿಯೇ ಆರಿದ ಮಿರ್ಚಿಯೂ ಸುಡುತ್ತದೆ. ಈ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ಖಾರಕ್ಕೆ ಒಗ್ಗಿದ ಬಾಯಿ ಒಮ್ಮೆಲೇ ತಡೆಯದಂತಾಗಿದೆ, ಅದೂ ಅಡಿಕೆ ಅಥವಾ ಗುಟ್ಕಾ ಜಗಿದವರಲ್ಲಿ ಎಂದರೆ, ನಾವು ಮೊದಲು ಶಂಕಿಸುವುದು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಕಾಯಿಲೆಯನ್ನು. ಅಡಿಕೆಯ ಅಂಶಗಳಿಂದ ಕೆನ್ನೆಯ ಒಳಪದರದ ಕೆಳಗೆ ನಾರು ತುಂಬಿ, ಮೆತ್ತಗಿದ್ದ ಚರ್ಮ ಬಿಳಿಚಿ ಬಿಗಿಯುತ್ತದೆ. ಬರಬರುತ್ತ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಇದು ಕ್ಯಾನ್ಸರ್ ಅಲ್ಲ, ಆದರೆ ಕೆಲವರಲ್ಲಿ ಕ್ಯಾನ್ಸರಿಗೆ ತಿರುಗಬಲ್ಲದು. ಜಗಿಯುವುದನ್ನು ಬಿಟ್ಟಿದ್ದು ತುಂಬಾ ಒಳ್ಳೆಯದಾಯಿತು. ಆದರೆ ಈಗಾಗಲೇ ಕಟ್ಟಿದ ನಾರು ಅದರಿಂದಲೇ ಕರಗಿ ಹೋಗುವುದಿಲ್ಲ.

ಈಗಲೇ ಒಂದು ಪರೀಕ್ಷೆ ಮಾಡಿಕೊಳ್ಳಿ. ಬಾಯಿಯನ್ನು ಪೂರ್ತಿ ತೆರೆದು, ತಮ್ಮ ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಜೋಡಿಸಿ, ಒಂದರ ಮೇಲೊಂದು ಬರುವಂತೆ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಇಟ್ಟು ನೋಡಿ. ಮೂರೂ ಹಿಡಿಸದಿದ್ದರೆ ಈ ವಾರವೇ ದಂತವೈದ್ಯರಲ್ಲಿಗೆ ಹೋಗಿ. ಹಿಡಿಸಿದರೂ ಉರಿ ಇರುವವರೆಗೆ ತಿಂಗಳೊಳಗೆ ಒಮ್ಮೆ ತೋರಿಸಲೇಬೇಕು. ಎಷ್ಟು ವರ್ಷ ಜಗಿದಿರಿ, ದಿನಕ್ಕೆ ಎಷ್ಟು ಪೊಟ್ಟಣ, ಯಾವ ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತಿದ್ದಿರಿ ಎಂಬುದನ್ನು ಮುಚ್ಚಿಡದೆ ಹೇಳಿ. ಮುಂದೆ ಎಷ್ಟು ತಿಂಗಳಿಗೊಮ್ಮೆ ಬಾಯಿ ನೋಡಬೇಕೆಂಬುದನ್ನು ವೈದ್ಯರು ಅದರ ಮೇಲೆಯೇ ತೀರ್ಮಾನಿಸುತ್ತಾರೆ.